ಮಂಡಿಗೊಬ್ಬ ಅಧಿಕೃತ ಪ್ರತಿನಿಧಿ

ಮನುಷ್ಯ ಬದುಕಿದ್ದಾನೆ ಎನ್ನುವುದಕ್ಕೆ ಆಧಾರವೇನು ಎಂಬುದು ಗಹನವಾದ ಪ್ರಶ್ನೆ. ಇದರ ಮೇಲೆ ದೊಡ್ಡ ದೊಡ್ಡವರು ಗ್ರಂಥಗಳನ್ನೇ ಬರೆದಿದ್ದಾರೆ. ನಮ್ಮ ಯಜಮಾನರ ವಿಷಯದಲ್ಲಿ ಮಾತ್ರ ಅದು ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದಿದ್ದ ಬ್ರೌಸಿಂಗ್ ಸೆಂಟರಿನಲ್ಲಿ, ಗಂಟೆಗೆ ಇಪ್ಪತ್ತು ರೂಪಾಯಿಯ ದರದಲ್ಲಿ ತೀರ್ಮಾನವಾಯಿತು.

ಯಜಮಾನರೆಂದರೆ ಅಲ್ಲಿನ ಒಂದು ಮಾವಿನ ಮಂಡಿಯ ಮಾಲೀಕರು. ನಾನು ಮುಳಬಾಗಿಲಿನವನು, ವರ್ಷವೆಲ್ಲ ಊರಿನ ಅಂಗಡಿಗಳ ಲೆಕ್ಕ ಬರೆದುಕೊಂಡಿದ್ದು, ಮಾವಿನ ಕಾಲ ಬಂತೆಂದರೆ ವಾರಕ್ಕೆರಡು ಸಲ ಬಸ್ಸು ಹತ್ತಿ ಹೋಗಿ ಅವರ ಲೆಕ್ಕವನ್ನೂ ಬರೆಯುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿತ್ತು. ಹಣ್ಣಿನ ವ್ಯಾಪಾರಿಗಳಿಗೆಂದೇ ಯಾವುದೋ ಕಂಪನಿಯವರು ಒಂದು ವೆಬ್‌ಸೈಟ್ ಮಾಡಿದ್ದರು. ಅದರಲ್ಲಿ ನಮ್ಮ ಮಂಡಿಗೂ ಒಂದು ಪುಟ ಮಾಡಿಸಿದ್ದೆ: ಹೆಸರು, ಬೋರ್ಡಿನ ಫೋಟೋ, ಸಿಗುವ ಜಾತಿಗಳು, ಫೋನ್ ನಂಬರು. ಮೊದಲಿಗೆ ಯಜಮಾನರು ಇದನ್ನು ನನ್ನದೊಂದು ಖಯಾಲಿ ಎಂದು ಸಹಿಸಿಕೊಂಡರು. ನಾಗಪುರದ ಸೇಟು ಒಬ್ಬ ಆ ಪುಟ ನೋಡಿ, ಫೋನ್ ಮಾಡಿ, ಲಾರಿ ಸಮೇತ ಬಂದಿಳಿದ ಮೇಲೆ, ಕಂಪ್ಯೂಟರಿಗೂ ಆಯುಧಪೂಜೆ ಮಾಡಿಸಬೇಕೆಂದು ಹಟ ಹಿಡಿದರು. ಅದು ನಮ್ಮ ಆಯುಧವಲ್ಲ, ಬ್ರೌಸಿಂಗ್ ಸೆಂಟರಿನವರದು ಎಂದು ತಿಳಿಹೇಳಬೇಕಾಯಿತು.

ನಾನು ಹೇಳಹೊರಟ ವರ್ಷ ತೋತಾಪುರಿ ಕೊಂಬೆ ಮುರಿಯುವಂತೆ ಕಾಯಿ ಬಿಟ್ಟಿತ್ತು. ಇಷ್ಟೊಂದು ಕಾಯಿ ಯಾರಿಗೆ ಬೇಕೆಂದು ಊರಿನ ಖರೀದಿದಾರರು ಮುಖ ತಿರುಗಿಸಿದ್ದರು. ಯಜಮಾನರು ಮಾತ್ರ ಹೋಳೂರಿನ ಕಡೆಯ ತೋಟದವರನ್ನೆಲ್ಲ ಕೂರಿಸಿಕೊಂಡು, ಕಾಯನ್ನು ಇಲ್ಲಿಗೇ ತನ್ನಿ, ಹೊರಗಿನ ಗಿರಾಕಿಗಳನ್ನು ನಾನು ಕರೆಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟಿದ್ದರು. ಆ ಮಾತು ನಿಂತಿದ್ದು ಫೋನಿನ ಮೇಲೆ. ಫೋನು ನಿಂತಿದ್ದು ಪುಟದ ಮೇಲೆ.

ಅಂಥ ಹೊತ್ತಿನಲ್ಲಿ ಒಂದು ಈಮೇಲು ಬಂತು. ನಿಮ್ಮ ಮಂಡಿಯ ಅಧಿಕೃತ ಪ್ರತಿನಿಧಿಯೊಬ್ಬರು ಈ ಪುಟವನ್ನು ನೋಡಿಕೊಳ್ಳಲು ಅನುಮತಿ ಕೋರಿದ್ದಾರೆ, ಒಪ್ಪಿಗೆಯೋ ಅಲ್ಲವೋ ತಿಳಿಸಿ ಎಂದು ಕಂಪನಿ ಇಂಗ್ಲಿಷಿನಲ್ಲಿ ಕೇಳಿತ್ತು. ಪ್ರಿಂಟ್ ತೆಗೆಸಿ ಮಂಡಿಗೆ ಒಯ್ದು ಕನ್ನಡದಲ್ಲಿ ಓದಿ ಹೇಳಿದೆ.

"ನನ್ಗೇ ಗೊತ್ತಿಲ್ದೆ ನನ್ಗೊಬ್ಬ ಪ್ರತಿನಿಧೀನಾ?" ಎಂದರು ಯಜಮಾನರು.

"ಬೇಡ ಅಂತ ಒತ್ತಿ ಬರ್ಲಾ ಯಜಮಾನ್ರೇ?"

"ಏನೂ ಒತ್ಬೇಡಿ ಸ್ವಾಮೀ. ಸುಮ್ನಿದ್ರೆ ಅವ್ನೇ ಎದ್ದೋಗ್ತಾನೆ."

ಇದನ್ನು ತಿಳಿಯಬೇಕಾದರೆ ಮಂಡಿಯ ಪದ್ಧತಿ ಗೊತ್ತಿರಬೇಕು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಟವಲಿನ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ ಮಾತಾಡುತ್ತಾರೆ. ಪಕ್ಕದವನಿಗೆ ಅವರಿಬ್ಬರ ಮುಖ ಮಾತ್ರ ಕಾಣುತ್ತದೆ. ಬೆಲೆ ಹಿಡಿಸದಿದ್ದರೆ ಇಲ್ಲ ಎಂದು ಎಲ್ಲರೆದುರು ಹೇಳಿ ಅವಮಾನ ಮಾಡುವಂತಿಲ್ಲ. ಕೈಯನ್ನು ಹಾಗೇ ಬಿಟ್ಟು ಹೆಂಚು ನೋಡುತ್ತ ಕೂರಬೇಕು. ಎದುರಿನವನು ಅರ್ಥ ಮಾಡಿಕೊಂಡು, ಬಿಸಿಲು ಜಾಸ್ತಿಯಾಯಿತು ಎಂದೋ ಏನೋ ಹೇಳಿ ಎದ್ದುಹೋಗುತ್ತಾನೆ. ಯಜಮಾನರು ಹೆಂಚು ನೋಡುವುದರಲ್ಲಿ ಇಡೀ ತಾಲ್ಲೂಕಿಗೆ ಹೆಸರಾದವರು.

ಈಮೇಲಿನ ಅಡಿಯಲ್ಲಿ ಸಣ್ಣಕ್ಷರದ ಇನ್ನೊಂದು ಸಾಲಿತ್ತು: ವಾರದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಭಾವಿಸಲಾಗುವುದು. ಅದನ್ನೂ ಓದಿದೆ. ಯಜಮಾನರು ಮನಸಾರೆ ನಕ್ಕರು. "ಸುಮ್ನಿದ್ರೆ ಒಪ್ಕೊಂಡಂಗಾ? ಯಾವೂರ ವ್ಯಾಪಾರ ಸ್ವಾಮೀ ಅದು? ಬರ್ಯೋವಾಗ ಕೈತಪ್ಪಾಗಿರ್ಬೇಕು ಬಿಡಿ." ಇಷ್ಟು ದೊಡ್ಡ ಕಂಪನಿ ಇಷ್ಟು ಅಸಭ್ಯವಾಗಿರಲಾರದು ಎಂದು ನನಗೂ ಅನ್ನಿಸಿತು. ಇಬ್ಬರೂ ಗೌರವಪೂರ್ವಕವಾಗಿ ಸುಮ್ಮನಿದ್ದೆವು.

ವಾರ ಕಳೆಯಿತು, ಫೋನು ಸುಮ್ಮನಾಯಿತು. ಯಜಮಾನರು ಆಗಾಗ ರಿಸೀವರ್ ಎತ್ತಿ ಕಿವಿಗೆ ಹಿಡಿದು, ಒಳಗೆ ಸದ್ದಿದೆಯೆಂದು ಖಾತ್ರಿ ಮಾಡಿಕೊಂಡು ಇಡುತ್ತಿದ್ದರು. ಕೊನೆಗೆ ಲೈನ್‌ಮನ್‌ನನ್ನು ಕರೆಸಿದರು. ಆತ ಕಂಬ ಹತ್ತಿ ಇಳಿದು, ಬಾದಾಮಿ ಹಣ್ಣು ತಿಂದು, ಲೈನೂ ಹಣ್ಣೂ ಚೆನ್ನಾಗಿವೆ ಎಂದು ವರದಿ ಒಪ್ಪಿಸಿ ಹೋದ. ಅಂಗಳದಲ್ಲಿ ತೋತಾಪುರಿಯ ರಾಶಿ ಹಸಿರಿನಿಂದ ಹಳದಿಗೆ ತಿರುಗತೊಡಗಿತ್ತು. ತೋಟದವರು ಬಂದು ಏನೂ ಕೇಳದೆ ಮೂಲೆಯಲ್ಲಿ ಕೂತು ಎದ್ದುಹೋಗುತ್ತಿದ್ದರು. ಕೇಳದೇ ಇದ್ದದ್ದೇ ಯಜಮಾನರಿಗೆ ಹೆಚ್ಚು ಚುಚ್ಚುತ್ತಿತ್ತು.

ಆಗ ನಾಗಪುರದ ಸೇಟು ಬಂದಿಳಿದ. ಮುಖ ಬಾಡಿತ್ತು, ಕೈಯಲ್ಲೊಂದು ಹೂವಿನ ಹಾರವಿತ್ತು. ನೇರ ನನ್ನ ಬಳಿ ಬಂದು, ಇದೆಲ್ಲ ಯಾವಾಗ ಆಯಿತು, ಕೊನೆಗಾಲದಲ್ಲಿ ನರಳಿದರೇ ಎಂದು ಹಿಂದಿಯಲ್ಲಿ ಮೆಲ್ಲಗೆ ವಿಚಾರಿಸಿದ. ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದನಂತೆ. ಎತ್ತಿದವನು, ಹಳೆ ಯಜಮಾನರು ತೀರಿಕೊಂಡರು, ಮಂಡಿ ಈಗ ಹೆದ್ದಾರಿ ಪಕ್ಕಕ್ಕೆ ಬಂದಿದೆ, ಲಾರಿ ಇಲ್ಲಿಗೇ ತನ್ನಿ ಎಂದನಂತೆ. ವ್ಯಾಪಾರ ಆಮೇಲೆ, ಮೊದಲು ಮನೆಯವರನ್ನು ಮಾತಾಡಿಸೋಣ ಎಂದು ಸೇಟು ಇಲ್ಲಿಗೆ ಬಂದಿದ್ದ.

ಅಷ್ಟರಲ್ಲಿ ರಾಶಿಯ ಹಿಂದಿನಿಂದ ಮೃತರೇ ಎದ್ದು ಬಂದರು. ವಿಷಯ ತಿಳಿದು, "ಸತ್ತು ಎಷ್ಟು ದಿನ ಆಯ್ತಂತೆ, ಕೇಳಿ ಸ್ವಾಮೀ" ಎಂದರು. ಹಾರ ದಂಡವಾಗಬಾರದೆಂದು ಸೇಟು ಅದನ್ನು ಅವರ ಕೊರಳಿಗೇ ಹಾಕಿದ.

ಹಾರ ತೆಗೆದಿಟ್ಟು ನಾವಿಬ್ಬರೂ ಬ್ರೌಸಿಂಗ್ ಸೆಂಟರಿಗೆ ನಡೆದೆವು. ಅದರ ಒಡತಿ ಹಿಂದೆ ಅದೇ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮೇಡಂ. ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂತವರನ್ನು ಆಗಲೂ ಗದರುತ್ತಿದ್ದರು. ಪುಟ ತೆರೆದರೆ ಹೆಸರು ನಮ್ಮದೇ, ಬೋರ್ಡೂ ನಮ್ಮದೇ. ನಂಬರು ಮಾತ್ರ ಇನ್ಯಾರದೋ. ಆ ಸಣ್ಣಕ್ಷರದ ಸಾಲು ಕೈತಪ್ಪಾಗಿರಲಿಲ್ಲ.

ಮೇಡಂ ಹೇಳಿದಂತೆ ಕಂಪನಿಗೆ ದೂರು ಬರೆದೆ. ಮಂಡಿಯ ಹಳೆಯ ಫೋನಿಗೇ ಕರೆ ಮಾಡಿ ಆರು ಅಂಕಿಯ ಗುಟ್ಟಿನ ನಂಬರು ಹೇಳುತ್ತೇವೆ, ಅದನ್ನು ಪುಟದಲ್ಲಿ ಹಾಕಿದವರೇ ನಿಜವಾದ ಮಾಲೀಕರು ಎಂದು ಉತ್ತರ ಬಂತು. ಅದರ ಪ್ರತಿ ನಮ್ಮ ಪ್ರತಿನಿಧಿ ಮಹಾಶಯನಿಗೂ ಹೋಗಿತ್ತು. ಕಂಪನಿಯ ನಿಷ್ಪಕ್ಷಪಾತತೆ ಅಂಥದ್ದು.

ನಾನು ಮುಂದಿನ ಸಲ ಹೋಗುವಷ್ಟರಲ್ಲಿ ಎರಡು ಕರೆ ಬಂದಾಗಿತ್ತು. ಮೊದಲನೆಯದು ಕಂಪನಿಯ ಹೆಣ್ಣುಮಗಳದು. ನಂಬರು ಹೇಳಿ, ಯಾರಿಗೂ ಹೇಳಬೇಡಿ ಎಂದು ಫೋನ್ ಇಟ್ಟಿದ್ದಳು. ಎರಡನೆಯದು ಜೇನಿನಂಥ ತೆಲುಗಿನಲ್ಲಿ: ಕಂಪನಿಯಿಂದಲೇ ಅಣ್ಣಾ, ಆ ನಂಬರು ಒಮ್ಮೆ ಹೇಳಿಬಿಡಿ, ಈಗಲೇ ಸರಿಮಾಡಿಬಿಡುತ್ತೇವೆ. ಯಜಮಾನರು ಕೊಟ್ಟ ಉತ್ತರವನ್ನು ಅವರ ಬಾಯಲ್ಲೇ ಕೇಳಬೇಕು.

"ನಮ್ಮಲ್ಲಿ ನಂಬರು ಬಾಯಲ್ಲಿ ಹೇಳೋ ವಾಡಿಕೆ ಇಲ್ಲಪ್ಪ, ಬಂದು ಟವಲ್ ಕೆಳ್ಗೆ ಕೈ ಇಡು, ಹೇಳ್ತೀನಿ ಅಂದೆ. ಪುಟಾನೇ ಕಿತ್ತಾಕ್ತೀನಿ ಅಂತ ಎಗರಾಡ್ದ. ನಾನು ಹೆಂಚು ನೋಡ್ತಾ ಕೂತೆ. ಅವ್ನೇ ಇಟ್ಟ."

ಬ್ರೌಸಿಂಗ್ ಸೆಂಟರಿನಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ಜನವಿದ್ದರು. ನಂಬರು ಕೇಳಿದೆ. ಯಜಮಾನರು ಹೆಗಲ ಟವಲ್ ತೆಗೆದು ನನ್ನ ಬಲಗೈ ಮೇಲೆ ಹಾಸಿದರು. ಅಷ್ಟು ವರ್ಷ ಮಂಡಿಯಲ್ಲಿ ಕೂತಿದ್ದರೂ ನನ್ನ ಕೈ ಟವಲಿನ ಕೆಳಗೆ ಹೋದದ್ದು ಅದೇ ಮೊದಲು. ಬೆಲೆ ಕುದುರಿದ ಮೇಲೆ ಬರೆದುಕೊಳ್ಳುವವನು ನಾನು. ಕುದುರಿಸುವವರ ಜಾತಿ ಬೇರೆ. ಅವರ ಬೆರಳು ಬಿಸಿಯಾಗಿತ್ತು. ಅವರು ಒತ್ತುತ್ತ ಹೋದರು, ನಾನು ಎಡಗೈಯಲ್ಲಿ ಕೀಲಿ ಒತ್ತುತ್ತ ಹೋದೆ. ಮೇಡಂ ಗೋಡೆಯ ಕಡೆ ತಿರುಗಿ ನಿಂತರು.

ತಪ್ಪು ಎಂದಿತು ಕಂಪ್ಯೂಟರು. ನೋಡಿದರೆ ಐದೇ ಅಂಕಿ ಬಿದ್ದಿತ್ತು. ಇನ್ನೊಮ್ಮೆ ಶುರುಮಾಡಿದಾಗ ಯಜಮಾನರು ಒಂದು ಅಂಕಿಗೆ ಬಂದು ಬೆರಳು ನಿಲ್ಲಿಸಿಬಿಟ್ಟರು. ಆ ಜಾಗದಲ್ಲಿ ಸೊನ್ನೆ ಇತ್ತು. ಸೊನ್ನೆಗೆ ಮಂಡಿಯಲ್ಲಿ ಒತ್ತೇ ಇಲ್ಲ. ಸೊನ್ನೆ ರೂಪಾಯಿಗೆ ಯಾರೂ ಮಾವು ಮಾರುವುದಿಲ್ಲ. ಕೊನೆಗೆ ನನ್ನ ಅಂಗೈ ಬಿಡಿಸಿ, ಅದರೊಳಗೆ ಏನನ್ನೂ ಇಡದೆ, ಮೃದುವಾಗಿ ಮುಚ್ಚಿದರು. ಅರ್ಥವಾಯಿತು.

ಪುಟ ತೆರೆದುಕೊಂಡಿತು. ಪ್ರತಿನಿಧಿಯನ್ನು ತೆಗೆದುಹಾಕಿ ಹಳೆಯ ನಂಬರು ಹಾಕಿದೆ. ಮುಂದೆ ಅಂಥ ಕೋರಿಕೆ ಬಂದಾಗಲೆಲ್ಲ ಅದೇ ದಿನ ಬೇಡ ಎಂದು ಒತ್ತುವ ಅಧಿಕಾರ ನನಗೆ ಸಿಕ್ಕಿತು. ಒತ್ತುವಾಗ ಮನಸ್ಸಿನಲ್ಲಾದರೂ ಕ್ಷಮೆ ಕೇಳಿ ಎಂಬುದು ಯಜಮಾನರ ಷರತ್ತು.

ಎರಡು ದಿನ ಬಿಟ್ಟು ಪುಣೆಯಿಂದ ಫೋನು ಬಂತು. ರಾಶಿಯಲ್ಲಿ ಮೆತ್ತಗಾದದ್ದು ಉಪ್ಪಿನಕಾಯಿಗೂ ಆಗದೆ ದನಗಳ ಪಾಲಾಯಿತು. ಉಳಿದ ತೋತಾಪುರಿ ಪುಣೆಗೂ ನಾಗಪುರಕ್ಕೂ ಹೋಯಿತು.