ಒಳಗೆ ಹಿಡಿದ ಅಂಗಿ

ಟೈಲರಮ್ಮನ ಬಾಯಿ ಜೋರು. ಅಳತೆ ತಪ್ಪಿದೆ ಎಂದವರ ನೀರಿಳಿಸಿ ಕಳಿಸುವವಳು. ಅಂಥವಳು ಸ್ಕ್ಯಾನಿಂಗ್ ಕೋಣೆಯ ಹೊರಗೆ, ಅಪ್ಪನ ಕನ್ನಡಕವನ್ನೂ ಅಂಗಿಯನ್ನೂ ಮಡಿಲಲ್ಲಿಟ್ಟುಕೊಂಡು, ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಬೆಳಗಿನಿಂದ ಇದು ಮೂರನೇ ಪರೀಕ್ಷೆ.

ಅಪ್ಪ ಹೊರಬಂದು ಅಂಗಿ ತೊಟ್ಟ ಮೇಲೆ ಡಾಕ್ಟರು ಒಳಗೆ ಕರೆದು ಕೂರಿಸಿದರು.

"ಈಚೆಗೆ ಸಣ್ಣ ಆಗಿದ್ದೀರಾ ಯಜಮಾನ್ರೇ?"

"ಎಲ್ಲಿ ಸಾರ್," ಅಪ್ಪ ಎದೆಯುಬ್ಬಿಸಿದ. "ಹೋದ ವರ್ಷದ ಅಂಗಿ ಇದು. ಇವತ್ತಿಗೂ ಮೈಗೆ ಸರಿಯಾಗಿ ಕೂರುತ್ತೆ. ಮಗಳು ಹೊಲಿದಿದ್ದು."

ಡಾಕ್ಟರು 'ಇಲ್ಲ' ಎಂದು ಬರೆಯತೊಡಗಿದರು. ಅವಳು ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಅಂಗಿ ಜೋತಾಡುವುದನ್ನು ಕಂಡು ಅಪ್ಪ ಹೆದರಿಯಾನೆಂದು, ಇಸ್ತ್ರಿಯ ನೆಪದಲ್ಲಿ ಎತ್ತಿಕೊಂಡು ಹೋಗಿ ಪಕ್ಕದಲ್ಲಿ ಒಂದೊಂದೇ ಹೊಲಿಗೆ ಒಳಗೆ ಹಾಕುತ್ತಾ ಬಂದವಳು ಅವಳೇ.

"ಅದನ್ನ ಬರೀಬೇಡಿ ಸಾರ್. ಅಂಗಿ ನಾನೇ ಒಳಗೆ ಹಿಡಿದಿದ್ದೀನಿ. ಆರು ತಿಂಗಳಲ್ಲಿ ನಾಲ್ಕು ಸಲ."

ಡಾಕ್ಟರ ಪೆನ್ನು ನಿಂತಿತು. ಅವಳಿಗೆ ಅಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ. ಅಪ್ಪ ಅಂಗಿಯ ಅಂಚನ್ನು ಮಗುಚಿ, ಒಳಗಿನ ಹೊಲಿಗೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದ.

"ನಾಲ್ಕಾ? ಮೂರಕ್ಕೇ ನಿಂತಿದೆ ಅಂದ್ಕೊಂಡಿದ್ದೆ ಕಣಮ್ಮಾ."