ಮೂರ್ತಿಯ ಎಡಗಾಲು

ಮೊನ್ನೆ ಬೆಳಿಗ್ಗೆ ಮಗಳು ದೋಸೆ ಹುಯ್ಯುತ್ತಾ ಫೋನಿನಲ್ಲಿ ನಮ್ಮ ಹಳೆಯ ಜಾಝ್ ಆಲ್ಬಂ ಹಾಕಿದ್ದಳು. "ಅಪ್ಪಾ, ಇದ್ರಲ್ಲಿ ಬೇಸ್ ಗಿಟಾರ್ ಯಾರು? ಹೆಸರೇ ಹಾಕಿಲ್ಲವಲ್ಲ" ಅಂದಳು.

"ಗಿಟಾರ್ ಅಲ್ಲ ಕಣಮ್ಮ, ಅದು ಮೂರ್ತಿಯ ಎಡಗಾಲು" ಅಂದೆ. ಅಂದವನು ತಟ್ಟೆ ಬದಿಗೆ ಸರಿಸಿದೆ.

ನಿಮಗೆ ಹೇಳಿಬಿಡುತ್ತೇನೆ. ನಾವು ಮೂವರು. ಶಿವಮೂರ್ತಿ ಆರ್ಗನ್, ಮದುವೆ ಬ್ಯಾಂಡಿನ ನಾಗರಾಜ ಸ್ಯಾಕ್ಸೋಫೋನ್, ಬ್ಯಾಂಕ್ ಗುಮಾಸ್ತನಾದ ನಾನು ಡ್ರಮ್ಸ್. ಮೂರ್ತಿಯದು ವಿಭೂತಿ ಧರಿಸುವ, ಬೆಲ್ಲದ ವ್ಯಾಪಾರದ ಮನೆತನ. ಮಿಷನ್ ಶಾಲೆಯ ಪ್ರಾರ್ಥನೆಯಲ್ಲಿ ಕೇಳಿದ ಆರ್ಗನ್ ಅವನನ್ನು ಹಿಡಿದುಕೊಂಡಿತ್ತು. ಮೇಲೆ ಕೈಗಳು ರಾಗ ನುಡಿಸಿದರೆ, ಕೆಳಗಿನ ಮರದ ಪಟ್ಟಿಗಳನ್ನು ಎಡಗಾಲಿನಿಂದ ಒತ್ತಿ ಬೇಸ್‌ನ ಮಂದ್ರ ಸ್ವರ ಹೊರಡಿಸುತ್ತಿದ್ದ. ಬರಿಗಾಲೇ ಆಗಬೇಕು. ಕೆಸರೆಯಲ್ಲಿದ್ದ ಅವನ ಗೋದಾಮಿನಲ್ಲಿ, ಬೆಲ್ಲದ ಪೆಂಟೆಗಳ ನಡುವೆ ರೆಕಾರ್ಡ್ ಮಾಡಿದೆವು. ನನ್ನ ಸೋದರತ್ತೆ ಇಡೀ ಆಲ್ಬಂ ತಾಳ್ಮೆಯಿಂದ ಕೇಳಿ, "ಚೆನ್ನಾಗಿದೆ ಕಣೋ, ಹಾಡೋರು ಯಾವಾಗ ಬರ್ತಾರೆ?" ಅಂದಿದ್ದರು.

ಆಮೇಲೆ ಸಕ್ಕರೆ ಕಾಯಿಲೆ. ಮೂರ್ತಿಯ ಹೆಬ್ಬೆರಳ ಗಾಯ ಮಾಯಲಿಲ್ಲ. ಮಂಡಿಯ ಕೆಳಗೆ ಎಡಗಾಲು ತೆಗೆದರು.

ಕೆಲವು ತಿಂಗಳ ನಂತರ ಊರುಗೋಲಿನಲ್ಲಿ ಗೋದಾಮಿಗೆ ಬಂದ. ಕಾಲಿನ ಕೆಲಸವನ್ನು ಎಡಗೈಗೆ ಕೊಟ್ಟು ನುಡಿಸಿದ. ಕೈ ತಾಳದಿಂದ ಹಿಂದೆ ಬೀಳುತ್ತಿತ್ತು. ಎರಡನೆಯ ಟ್ಯೂನಿಗೇ ನಾನು ಡ್ರಮ್ಸಿನ ಕೋಲು ಕೆಳಗಿಟ್ಟೆ.

"ಮೂರ್ತಿ, ಬೇಸ್ ಗಿಟಾರಿಗೆ ಯಾರನ್ನಾದ್ರೂ ಹಾಕ್ಕೊಳ್ಳೋಣ ಕಣೋ. ನಿನಗೂ ಸುಲಭ."

ಅವನು ನಾಗರಾಜನನ್ನು ನೋಡಿದ. ನಾಗರಾಜ ಸ್ಯಾಕ್ಸೋಫೋನ್ ಒರೆಸುತ್ತಾ ತಲೆ ಎತ್ತಲಿಲ್ಲ.

"ಆಯ್ತು ಬುಡು" ಅಂದು ಮೂರ್ತಿ ಆರ್ಗನ್ನಿನ ಮುಚ್ಚಳ ಹಾಕಿದ.

ಮತ್ತೆ ನಮ್ಮ ಜೊತೆ ನುಡಿಸಲು ಬರಲಿಲ್ಲ. ಅವನಿಗೆ ಸಿಟ್ಟು, ಇಳಿದಾಗ ಫೋನ್ ಮಾಡುತ್ತಾನೆ ಎಂದುಕೊಂಡೆ. ನಾನೇ ಮಾಡಬಹುದಿತ್ತು. ಎರಡು ವರ್ಷ ಕಳೆಯಿತು. ಹೋದ ವರ್ಷ ಅವನು ತೀರಿಕೊಂಡಾಗ ಮಣ್ಣಿಗೆ ಹೋದವನು ಗುಂಪಿನ ಹಿಂದೆ ನಿಂತು, ಅವನ ಹೆಂಡತಿ ಗಿರಿಜಮ್ಮನ ಕಣ್ಣಿಗೆ ಬೀಳದೆ ವಾಪಸ್ಸು ಬಂದೆ.

ಮೊನ್ನೆ ಮಧ್ಯಾಹ್ನ ಮಾತ್ರ ತಡೆಯಲಾಗದೆ ದಟ್ಟಗಳ್ಳಿಯ ಅವರ ಮನೆಗೆ ಹೋದೆ. ಗಿರಿಜಮ್ಮ ಕಾಫಿ ತಂದರು. ನಾನು ಆ ದಿನ ಆಡಿದ ಮಾತು ಹೇಳಿಕೊಂಡೆ.

"ಗೊತ್ತಣ್ಣ. 'ಅವನು ಹೇಳಿದ್ದು ಸರಿ, ಕೈ ನಿಧಾನ. ಸರಿಯಾಗಿ ಕಲಿತೇ ಕರೀತೀನಿ' ಅಂತ ಆರ್ಗನ್ ಮನೆಗೆ ತರಿಸ್ಕೊಂಡು ದಿನಾ ಕೂತು ನುಡಿಸೋರು. ಅಷ್ಟರಲ್ಲಿ ಹೃದಯ ಕೈಕೊಡ್ತು."

ತಮ್ಮ ಫೋನಿನಲ್ಲಿದ್ದ ರೆಕಾರ್ಡಿಂಗ್ ಹಾಕಿದರು. ನಮ್ಮದೇ ಹಳೆಯ ಟ್ಯೂನ್. ಎಡಗೈ ಈಗ ಎಲ್ಲೂ ಹಿಂದೆ ಬೀಳುತ್ತಿರಲಿಲ್ಲ. ನಡುವೆ ಅವನ ದನಿ: "ಇಲ್ಲಿ ನೀನು ಕಣೋ." ಆರ್ಗನ್ ನಿಂತಿತು. ಫ್ಯಾನು ತಿರುಗುವ ಸದ್ದು, ಒಂದು ಕೆಮ್ಮು, ಅಷ್ಟೇ. ನನ್ನ ಡ್ರಮ್ಸಿಗೆ ಬಿಡಬೇಕಾದಷ್ಟೂ ಹೊತ್ತು ಬಿಟ್ಟು, ಸರಿಯಾದ ಜಾಗಕ್ಕೆ ಮತ್ತೆ ಸೇರಿಕೊಂಡ.

ಗಿರಿಜಮ್ಮ ನಿಲ್ಲಿಸಲು ಕೈ ಚಾಚಿದರು. "ಇರಲಿಯಮ್ಮ" ಅಂದೆ. ಪೂರ್ತಿ ಕೇಳಿದೆ.

ಅವನಿಗೆ ನನ್ನ ಮೇಲೆ ಸಿಟ್ಟು ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು. ಈಗ ಆ ನೆಪವೂ ಇಲ್ಲ.