ಅಲ್ಪಬೇಡಿಕೆಯ ತಕ್ಕಡಿ

ಪವರ್ ಬ್ಯಾಂಕ್ ಎಂಬ ಸಾಧನಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಧಾರಾಳವಾಗಿ ವಿದ್ಯುತ್ತನ್ನು ಹೀರುವವರಿಗೆ ಅದು ಧಾರಾಳವಾಗಿಯೇ ಕೊಡುತ್ತದೆ. ಅತ್ಯಲ್ಪವನ್ನು ಮಾತ್ರ ಕೇಳುವವರು ಸಿಕ್ಕಿದರೆ, ಆ ತುದಿಯಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸಿ ಅರ್ಧ ನಿಮಿಷದೊಳಗೆ ದೀಪವಾರಿಸಿಕೊಂಡು ಮಲಗಿಬಿಡುತ್ತದೆ. ಇದು ದೋಷವಲ್ಲವಂತೆ, ಉಳಿತಾಯದ ಬುದ್ಧಿಯಂತೆ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಅದೂ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಸಮುದ್ರ ದಾಟಿಸಿ ತಂದಿಟ್ಟುಕೊಂಡಿರುವ ನನಗೆ ಇದು ಗೊತ್ತಿರಬೇಕಾಗಿತ್ತು. ಗೊತ್ತಿರಲಿಲ್ಲ. ನನ್ನ ಈ ಅಜ್ಞಾನದ ಫಲವನ್ನು ಅನುಭವಿಸಿದವರು ಪಕ್ಕದ ಮನೆಯ ಹೆಂಕ್.

ಡಚ್ಚರ ನಾಡಿನ ರೈಸ್‌ವೈಕ್ ಎಂಬ ಊರಿನ ಸಾಲುಮನೆಗಳಲ್ಲಿ ನಮ್ಮದು ಕೊನೆಯಿಂದ ಎರಡನೆಯದು, ಹೆಂಕ್ ಅವರದು ಕೊನೆಯದು. ಎಪ್ಪತ್ತಾರು ದಾಟಿದ, ಟ್ರಾಮ್ ರಿಪೇರಿ ಮಾಡಿ ನಿವೃತ್ತರಾದ, ಬೆನ್ನು ಬಾಗಿಸದ ಮನುಷ್ಯ. ಹಿತ್ತಲಿನ ಮರದ ಶೆಡ್ಡಿನಲ್ಲಿ ಅವರಿಗೊಂದು ಕಾಯಕವಿತ್ತು. ಅವರು ಪರವಾನಗಿ ಪಡೆದ ಗುರಿಕಾರರು. ಪ್ರತಿ ಶನಿವಾರ ಕ್ಲಬ್ಬಿನಲ್ಲಿ ಕಾಗದದ ವೃತ್ತಗಳಿಗೆ ಗುಂಡು ಹೊಡೆಯುವವರು. ಹಾರಿಸಿ ಖಾಲಿಯಾದ ಹಿತ್ತಾಳೆಯ ತೋಟಾಗಳನ್ನು ಎಸೆಯದೆ ಮನೆಗೆ ತಂದು, ತೊಳೆದು, ಉಜ್ಜಿ, ಮತ್ತೆ ಮದ್ದು ತುಂಬಿ ಮುಂದಿನ ವಾರಕ್ಕೆ ಸಿದ್ಧಪಡಿಸುತ್ತಿದ್ದರು. ಹೀಗೆ ತುಂಬುವಾಗ ಪ್ರತಿಯೊಂದಕ್ಕೂ ಮದ್ದನ್ನು ತೂಗಬೇಕು. ತೂಕ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಗುರಿ ಕೆಡುತ್ತದೆ; ಇನ್ನೂ ಹೆಚ್ಚಾದರೆ ಏನೇನೋ ಕೆಡುತ್ತದೆ.

ಬಾಲ್ಯದಲ್ಲಿ ಅಮ್ಮನೊಂದಿಗೆ ಅಕ್ಕಸಾಲಿಗರ ಅಂಗಡಿಗೆ ಹೋದಾಗ, ಚಿನ್ನವನ್ನು ತಕ್ಕಡಿಗೆ ಹಾಕುವ ಮುನ್ನ ಅವರು ಫ್ಯಾನ್ ಆರಿಸಿ, ನನ್ನ ಕಡೆ ಗದರುವ ನೋಟ ಬೀರುತ್ತಿದ್ದರು. ನಾನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ, ನನ್ನ ಉಸಿರಿಗೂ ಒಂದು ಬೆಲೆಯಿದೆಯೆಂದು ಹೆಮ್ಮೆಪಡುತ್ತಾ. ಹೆಂಕ್ ಅವರ ಎಲೆಕ್ಟ್ರಾನಿಕ್ ತಕ್ಕಡಿ ಅದೇ ಜಾತಿಯ ಸೂಕ್ಷ್ಮಪ್ರಕೃತಿಯ ಜೀವ. ಗಾಳಿ ಆಗದು, ಮೇಜಿನ ಕಂಪನ ಆಗದು. ಅದೇ ಕರೆಂಟ್ ಲೈನಿನಲ್ಲಿರುವ ಶೆಡ್ಡಿನ ಹಳೆಯ ಫ್ರಿಜ್ಜು ಗುರ್ರೆಂದು ಶುರುವಾದರೆ, ತಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಅಂಕಿಗಳು ತಾವಾಗಿಯೇ ಅಲೆದಾಡತೊಡಗುತ್ತವೆ. ಇದನ್ನು ಅವರು ಬೇಲಿಯಾಚೆಯಿಂದ ಸಹಜವಾಗಿ, ಹವಾಮಾನದ ಮಾತಿನ ನಡುವೆ ಹೇಳಿದರು. ಸಹಾಯವನ್ನೇನೂ ಕೇಳಲಿಲ್ಲ. ಕೇಳುವುದು ಅವರ ಸ್ವಭಾವದಲ್ಲಿರಲಿಲ್ಲ. ಕಾಫಿ ಬೇಕೇ ಎಂದರೂ ಬೇಡ, ತರಕಾರಿ ತರಲೇ ಎಂದರೂ ಬೇಡ.

ಅದು ಎರಡನೆಯ ಲಾಕ್‌ಡೌನಿನ ಫೆಬ್ರವರಿ. ಕ್ಲಬ್ಬು ಮುಚ್ಚಿ ತಿಂಗಳುಗಳಾಗಿದ್ದವು. ಅವರ ಹೆಂಡತಿ ರೀತ್, ಹಿಂದಿನ ವಸಂತದಲ್ಲಿ, ವೃದ್ಧರ ಆರೈಕೆಯ ಮನೆಯೊಂದರಲ್ಲಿ, ಈ ರೋಗದಿಂದಲೇ ತೀರಿಹೋಗಿದ್ದರು. ಕೊನೆಯ ಐದು ವಾರ ಆಕೆಯನ್ನು ಹೆಂಕ್ ಕಿಟಕಿಯ ಗಾಜಿನಾಚೆಯಿಂದ ಮಾತ್ರ ನೋಡಿದ್ದರು. ಈಗ ಕ್ಲಬ್ಬೂ ಇಲ್ಲ, ಶನಿವಾರವೂ ಇಲ್ಲ, ಆದರೂ ಮಧ್ಯಾಹ್ನವಿಡೀ ಶೆಡ್ಡಿನಲ್ಲಿ, ಹಿಂದೆ ಕೂಡಿಟ್ಟ ಖಾಲಿ ತೋಟಾ ತುಂಬುವ ಕೆಲಸ ನಡೆದಿತ್ತು. ಫ್ರಿಜ್ಜಿನ ಕಾಟ ತಪ್ಪಲೆಂದು ನಾನು ತಕ್ಕಡಿಗೆ ಬ್ಯಾಟರಿಯ ವ್ಯವಸ್ಥೆ ಮಾಡಿಕೊಡುವ ಉತ್ಸಾಹದಲ್ಲಿದ್ದಾಗ, ಹುಬ್ಬಳ್ಳಿಯ ನನ್ನ ಹೆಂಡತಿ ಸುವರ್ಣಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ಅಲ್ರೀ, ಹೇಣ್ತಿ ಹೋಗಿ ಇನ್ನಾ ವರ್ಷ ಆಗಿಲ್ಲ, ಮನ್ಯಾಗ ಒಬ್ರ ಅದಾರ, ಬಂದೂಕ ಅದ, ಮದ್ದ ಅದ. ನೀವ್ ಹೋಗಿ ಅದಕ್ಕ ಬ್ಯಾಟ್ರಿ ಬ್ಯಾರೆ ಮಾಡಿ ಕೊಡ್ತೀರಿ?”

ಮರುದಿನ ಬೇಲಿಯ ಬಳಿ ನಿಂತು, ಕ್ಲಬ್ಬಿಲ್ಲದಿರುವಾಗ ತೋಟಾ ಯಾಕೆ ಎಂದು, ಆದಷ್ಟೂ ನಿರ್ಲಕ್ಷ್ಯದ ಸ್ವರದಲ್ಲಿ ಕೇಳಿದೆ. ಅವರ ಡಚ್ಚನ್ನು ನನ್ನ ಮೈಸೂರು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. “ಶನಿವಾರಕ್ಕೆ” ಎಂದರು. ಆಮೇಲೆ, “ರೀತ್ ಕ್ಲಬ್ಬಿನ ಕ್ಯಾಂಟೀನಲ್ಲಿ ಕೂತು ಹೆಣಿಗೆ ಹಾಕೋಳು. ನಾನು ಶುಕ್ರವಾರದೊಳಗೆ ಐವತ್ತು ತುಂಬಿಟ್ಟಿರ್ಬೇಕು. ನಲವತ್ತು ವರ್ಷ ಹಾಗೇ ಮಾಡಿದ್ದು” ಎಂದರು. ಸುವರ್ಣಾಳಿಗೆ ಇದನ್ನು ಒಪ್ಪಿಸಿದೆ. ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ, ನನಗೂ ಆಗಿರಲಿಲ್ಲ. ಈ ಮನುಷ್ಯ ಯಾರಿಗೂ ತಿಳಿಯದಂತೆ ಆ ಶೆಡ್ಡಿನೊಳಗೆ ಕರಗಿಹೋಗಬಾರದು ಎಂಬುದೊಂದೇ ನಮ್ಮಿಬ್ಬರ ಆತಂಕವಾಗಿತ್ತು. ಬ್ಯಾಟರಿಯ ನೆಪದಲ್ಲಾದರೂ ಆಗಾಗ ಹೋಗಿಬರಬಹುದಲ್ಲ ಎಂದು ಲೆಕ್ಕ ಹಾಕಿದೆ.

ಹನ್ನೆರಡು ವರ್ಷಗಳಿಂದ ಬೆಸುಗೆ ಹಾಕುವ ಕಡ್ಡಿಯನ್ನು ಮುಟ್ಟದೆ, ಸಾಫ್ಟ್‌ವೇರಿಗೆ ಏನೇನು ಬೇಕೆಂದು ಪುಟಗಟ್ಟಲೆ ಬರೆಯುವುದನ್ನೇ ವೃತ್ತಿ ಮಾಡಿಕೊಂಡಿದ್ದ ನನಗೆ ಈ ಅವಕಾಶ ದೈವದತ್ತವೆನಿಸಿತು. ಒಂದು ಪವರ್ ಬ್ಯಾಂಕು, ಅದರ ಐದು ವೋಲ್ಟನ್ನು ತಕ್ಕಡಿಗೆ ಬೇಕಾದ ಒಂಬತ್ತಕ್ಕೆ ಏರಿಸುವ ಒಂದು ಕೇಬಲ್ಲು, ಎರಡನ್ನೂ ಕೂರಿಸಲು ಚಪಾತಿಯ ಡಬ್ಬಿ. ಹೆಂಕ್ ಅವರ ಶೆಡ್ಡಿನ ಬಾಗಿಲಲ್ಲಿ ನಿಂತು ಜೋಡಿಸಿದೆ. ಫ್ರಿಜ್ಜು ಗುರ್ರೆಂದರೂ ತಕ್ಕಡಿ ಅಲುಗಾಡದೆ ಸೊನ್ನೆ ತೋರಿಸಿತು. ಹತ್ತು ಸೆಕೆಂಡು ಪರೀಕ್ಷಿಸಿದೆ, ಫೋಟೋ ತೆಗೆದೆ, ಹೊರಟೆ. ಹೆಂಕ್ “ಪ್ರೀಮಾ” ಎಂದರು. ಬಹಳ ಚೆನ್ನಾಗಿದೆ ಎಂದರ್ಥ. ಡಚ್ಚರು ಮುಖಕ್ಕೆ ಹೊಡೆದಂತೆ ನೇರ ಮಾತಾಡುವವರು, ಅವರು ಚೆನ್ನಾಗಿದೆ ಎಂದರೆ ಚೆನ್ನಾಗಿಯೇ ಇರುತ್ತದೆ ಎಂದು ನನ್ನಂಥ ವಲಸಿಗರೆಲ್ಲ ನಂಬಿದ್ದೇವೆ. ನಾನೂ ನಂಬಿ, ಆ ಫೋಟೋವನ್ನು ಪಕ್ಕದೂರು ಡೆಲ್ಫ್ಟಿನಲ್ಲಿ ಪಿಎಚ್‌ಡಿ ಮಾಡುವ ಕನ್ನಡದ ಹುಡುಗರಿಗೆಲ್ಲ ಕಳಿಸಿ, ಇಂಜಿನಿಯರಿಂಗ್ ಎಂದರೆ ಪ್ರಬಂಧ ಬರೆಯುವುದಲ್ಲ ಎಂದು ಉಪದೇಶವನ್ನೂ ಮಾಡಿದೆ.

ಆಮೇಲೆ ಹೋಗಿಬರುವ ಮಾತು ಮಾತಾಗಿಯೇ ಉಳಿಯಿತು. ಒಂದಾದ ಮೇಲೊಂದು ಮೀಟಿಂಗು, ಮಗಳ ಆನ್‌ಲೈನ್ ಶಾಲೆ, ಊರಿನಿಂದ ಬರುವ ಸಾವಿನ ಸುದ್ದಿಗಳು. ಅಡುಗೆಮನೆಯ ಕಿಟಕಿಯಿಂದ ಶೆಡ್ಡಿನಲ್ಲಿ ಅವರ ಬೆನ್ನು ಕಾಣುತ್ತಿತ್ತು. ಇದ್ದಾರೆ, ಕೆಲಸ ಮಾಡುತ್ತಿದ್ದಾರೆ, ನನ್ನ ಬ್ಯಾಟರಿಯೂ ಮಾಡುತ್ತಿದೆ ಎಂದು ತೃಪ್ತನಾಗಿ ಕಾಫಿ ಬಸಿದುಕೊಂಡು ಮೇಲೆ ಹೋಗುತ್ತಿದ್ದೆ.

ಏಳು ವಾರಗಳ ನಂತರ ಯುಗಾದಿ ಬಂತು. ಸುವರ್ಣಾ ಹೋಳಿಗೆಯನ್ನು ತಟ್ಟೆಯಲ್ಲಿಟ್ಟು, “ಬೇಲಿ ಮ್ಯಾಲಿಂದ ಕೊಟ್ಟ ಓಡಿ ಬರಬ್ಯಾಡ್ರಿ, ಒಂದ್ ಸ್ವಲ್ಪ ನಿಂತ ಮಾತಾಡ್ಸಿ ಬರ್ರಿ” ಎಂದು ಕಳಿಸಿದಳು. ಶೆಡ್ಡಿನ ಬಾಗಿಲು ತೆರೆದಿತ್ತು. ಅವರಿಗೆ ನಾನು ಬಂದದ್ದು ಗೊತ್ತಾಗಲಿಲ್ಲ. ಚಿಕ್ಕ ಚಮಚದಿಂದ ತಕ್ಕಡಿಯ ತಟ್ಟೆಗೆ ಮದ್ದು ಉದುರಿಸುತ್ತಿದ್ದರು. ಅಂಕಿ ಇನ್ನೇನು ನಿಲ್ಲಬೇಕು, ಪರದೆ ಕಪ್ಪಾಯಿತು. ಅವರು ಚಮಚ ಕೆಳಗಿಟ್ಟು, ಪವರ್ ಬ್ಯಾಂಕಿನ ಗುಂಡಿಯನ್ನು ಒತ್ತಿ, ತಟ್ಟೆಯನ್ನು ಖಾಲಿ ಮಾಡಿ, ಸೊನ್ನೆ ಬರುವವರೆಗೆ ಕೈಕಟ್ಟಿ ಕಾದು, ಮತ್ತೆ ಮೊದಲಿನಿಂದ ಉದುರಿಸತೊಡಗಿದರು. ಮತ್ತೆ ಕಪ್ಪಾಯಿತು. ಮತ್ತೆ ಒತ್ತಿದರು. ಮುಖದಲ್ಲಿ ಬೇಸರವಿರಲಿಲ್ಲ, ಬೇಸರವಾದರೂ ಇದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಏಳು ವಾರ, ಒಂದೊಂದು ತೋಟಾಕ್ಕೆ ಮೂರು ಮೂರು ಬಾರಿ, ಆ ಮುದಿ ಬೆರಳುಗಳು ನನ್ನ ಪ್ರಥಮ ದರ್ಜೆಯನ್ನು ಹೀಗೆ ಒತ್ತುತ್ತಾ ಕುಳಿತಿದ್ದವು.

“ಯಾಕೆ ಹೇಳ್ಲಿಲ್ಲ ಹೆಂಕ್?” ಎಂದೆ. ನನ್ನ ಸ್ವರ ಸ್ವಲ್ಪ ಕೋಪದ್ದೇ ಆಗಿತ್ತು. ತಪ್ಪು ನನ್ನದಾದಾಗ ನನಗೆ ಕೋಪ ಬೇಗ ಬರುತ್ತದೆ.

“ಚೆನ್ನಾಗೇ ಕೆಲ್ಸ ಮಾಡತ್ತಲ್ಲ. ಆಗಾಗ ಗುಂಡಿ ಒತ್ಬೇಕು, ಅಷ್ಟೆ. ನಿಮಗೆ ಆಫೀಸ್ ಕೆಲ್ಸ ಇರತ್ತೆ. ಇಷ್ಟಕ್ಕೆಲ್ಲ ಕರೀಬೇಕಾ?”

ತಟ್ಟೆಯನ್ನು ಅವರಿಗೆ ಕೊಟ್ಟು, ನಾಚಿಕೆಯಿಂದ ಮನೆಗೆ ಓಡಿ ಇಂಟರ್ನೆಟ್ಟಿನಲ್ಲಿ ಹುಡುಕಿ, ಕಾರಣ ತಿಳಿದುಕೊಂಡು ಮರಳಿದೆ. ಒಂದೂವರೆ ಮೀಟರ್ ದೂರದಲ್ಲಿ ನಿಂತು, ಮಾಸ್ಕಿನೊಳಗಿಂದ ವಿವರಿಸಿದೆ: ನಿಮ್ಮ ತಕ್ಕಡಿ ತೀರಾ ಕಡಿಮೆ ಕೇಳುತ್ತದೆ, ಅದಕ್ಕೇ ಯಾರೂ ಇಲ್ಲವೆಂದುಕೊಂಡು ಬ್ಯಾಂಕು ಆರಿಹೋಗುತ್ತದೆ. ಹೆಂಕ್ ಹೋಳಿಗೆಯ ತಟ್ಟೆಯನ್ನು ಫ್ರಿಜ್ಜಿನ ಮೇಲಿಟ್ಟರು.

“ಆರೈಕೆ ಮನೇಲಿ ರೀತ್ ಹಾಸಿಗೆ ಪಕ್ಕ ಒಂದು ಗುಂಡಿ ಇತ್ತು. ಏನಾದ್ರೂ ಬೇಕಾದ್ರೆ ಒತ್ತಿ ಅಂತ. ಬೇರೆಯವರು ಒತ್ತೋರು. ಇವಳು ಒತ್ಲೇ ಇಲ್ಲ. ಆ ನರ್ಸ್ ಹುಡುಗೀರು ಓಡಾಡಿ ಸುಸ್ತಾಗಿದಾರೆ ಪಾಪ, ಅಂತ ನನಗೆ ಫೋನಲ್ಲಿ ಹೇಳೋಳು. ಆಮೇಲೆ ಅವಳ ಸಾಮಾನು ತರೋಕೆ ಹೋದಾಗ ಅವರು ಹೇಳಿದ್ರು, ಬಹಳ ಸುಲಭದ ಹೆಂಗಸು, ಏನೂ ಕೇಳ್ತಿರ್ಲಿಲ್ಲ ಅಂತ. ಹೊಗಳಿಕೆ ಅಂತಲೇ ಹೇಳಿದ್ರು. ನಾನೂ ಥ್ಯಾಂಕ್ಸ್ ಹೇಳಿ ಬಂದೆ.”

ಓದುಗ ಮಿತ್ರರೇ, ಒಂದೂವರೆ ಮೀಟರಿನ ನಿಯಮ ಇಲ್ಲದಿದ್ದರೂ ನಾನು ಅವರ ಭುಜವನ್ನು ಮುಟ್ಟುತ್ತಿದ್ದೆನೆಂಬ ಭರವಸೆಯಿಲ್ಲ. ಹೊರಗೆ ಚೈತ್ರದ ಮೊದಲ ದಿನ ಆಲಿಕಲ್ಲು ಬೀಳುತ್ತಿತ್ತು.

ಪರಿಹಾರ ಹಾಸ್ಯಾಸ್ಪದವೆನಿಸುವಷ್ಟು ಸುಲಭದ್ದು. ಕಡಲೆಕಾಯಿ ಗಾತ್ರದ ಒಂದು ರೆಸಿಸ್ಟರನ್ನು ತಕ್ಕಡಿಯ ಜೊತೆಗೇ ಜೋಡಿಸಿಬಿಡುವುದು. ವಾರದ ಕೊನೆಯಲ್ಲಿ ಅದನ್ನು ಬೆಸೆದು, ಈ ಸಲ ಇಡೀ ಮಧ್ಯಾಹ್ನ ಪರೀಕ್ಷಿಸಿ ಕೊಂಡೊಯ್ದೆ. ಅದೇನು ಮಾಡುತ್ತದೆ ಎಂದು ಹೆಂಕ್ ಕೇಳಿದರು. ಏನೂ ಮಾಡುವುದಿಲ್ಲ, ಸುಮ್ಮನೆ ಕರೆಂಟ್ ಕೇಳುತ್ತಿರುತ್ತದೆ, ಕೊಟ್ಟದ್ದನ್ನೆಲ್ಲ ಬಿಸಿ ಮಾಡಿ ಗಾಳಿಗೆ ಬಿಡುತ್ತದೆ ಎಂದೆ. “ದಂಡ ಅಲ್ವಾ?” ಎಂದರು. ದಂಡವೇ ಎಂದು ಒಪ್ಪಿಕೊಂಡೆ. ಅವರು ಅದನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. ಬೆಚ್ಚಗಿತ್ತು. ತಕ್ಕಡಿ ಆರಲಿಲ್ಲ. ಆ ವಾರದ ಐವತ್ತು ತೋಟಾ ಬುಧವಾರಕ್ಕೇ ಮುಗಿದವು, ಗುರುವಾರ ಶೆಡ್ಡು ಖಾಲಿಯಿತ್ತು. ಆ ಕೆಲಸ ಎಷ್ಟು ನಿಧಾನವಾಗಿ ಸಾಗುತ್ತಿತ್ತೋ ಅಷ್ಟೂ ಹೊತ್ತು ಅವರಿಗೊಂದು ಆಸರೆಯಾಗಿತ್ತೇನೋ ಎಂಬ ಅನುಮಾನ ನನಗೆ ಆಗ ಬಂತು, ತಡವಾಗಿ.

ಅದರ ಮುಂದಿನ ವಾರ, ಬೆಳಗಿನ ಹತ್ತು ಗಂಟೆಗೆ, ನಾನು ಮೀಟಿಂಗಿನಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಹೆಂಕ್. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ತಲೆ ಬಾಚಿದ್ದರು, ಕೋಟು ಹಾಕಿ ಟೈ ಕಟ್ಟಿದ್ದರು. ಇಷ್ಟು ವರ್ಷಗಳಲ್ಲಿ ಅವರು ನಮ್ಮ ಗಂಟೆ ಒತ್ತಿದ್ದು ಅದೇ ಮೊದಲು.

“ನನಗೇನೂ ಬೇಕಾಗಿಲ್ಲ” ಎಂದರು. ಹಾಗೆಂದು ಅಲ್ಲಿಯೇ ನಿಂತರು.

ಮೇಲೆ ಕಂಪ್ಯೂಟರಿನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು. ಹನ್ನೊಂದಕ್ಕೆ ಬರುತ್ತೇನೆ ಹೆಂಕ್ ಎಂಬ ಮಾತು, ಈ ದೇಶ ನನಗೆ ಚೆನ್ನಾಗಿ ಕಲಿಸಿರುವ ಮಾತು, ಬಾಯಿಗೆ ಬಂದೇಬಿಟ್ಟಿತ್ತು. ಅವರ ಟೈ ಮತ್ತೆ ಕಣ್ಣಿಗೆ ಬಿತ್ತು. ಒಳಗಿನಿಂದ ಎರಡು ಕುರ್ಚಿ ತಂದು ಬಾಗಿಲ ಮುಂದಿನ ಕಲ್ಲುಹಾಸಿನ ಮೇಲೆ, ದೂರದೂರ, ಹಾಕಿದೆ. ಕುಳಿತೆವು. ಮೇಲೆ ಇನ್ನೆರಡು ಸಲ ನನ್ನನ್ನು ಕರೆದು, ನಾನು ಇಲ್ಲವೆಂದು ಮುಂದೆ ಹೋದರು.

“ಇವತ್ತಿಗೆ ಒಂದು ವರ್ಷ” ಎಂದರು ಹೆಂಕ್, ರಸ್ತೆಯ ಕಡೆ ನೋಡುತ್ತಾ. “ಬೆಳಗ್ಗೆಯಿಂದ ಒಬ್ನೇ ಇರೋಕೆ ನೋಡ್ದೆ. ಆಗ್ಲಿಲ್ಲ.”

ನೂರು ಸಲ ಕೇಳಿ ನೂರು ಸಲವೂ ಬೇಡವೆನಿಸಿಕೊಂಡಿದ್ದ ಅದೇ ಪ್ರಶ್ನೆಯನ್ನು ಕೇಳಿದೆ, ಕಾಫಿ ಬೇಕಾ ಎಂದು.

“ಬೇಕು” ಎಂದರು.